ಹಳೆಯ ಝೆನ್‌ನ ಮೈಲೇಜ್: ತಪಾಸಣೆ ಥರ್ಮೋಸ್ಟಾಟ್‌ಗೆ ಬಂದು ನಿಂತಿತು

ತುಮಕೂರಿನಲ್ಲಿ ನಾನು ಓಡಿಸುವ ಹಳೆಯ ಮಾರುತಿ ಝೆನ್ ಕಾರು (993 ಸಿಸಿ, ಎಂಪಿಎಫ್‌ಐ, ಅಂದರೆ ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಜಿನ್) ಲೀಟರಿಗೆ ಹದಿನಾರು ಕಿಲೋಮೀಟರಿನಿಂದ ಹನ್ನೊಂದರ ಆಸುಪಾಸಿಗೆ ಇಳಿದದ್ದನ್ನು ಹಿಂದಿನ ಭಾಗದಲ್ಲಿ ಬರೆದಿದ್ದೆ. ಲೆಕ್ಕವೇ ತಪ್ಪಿರಬಹುದೆಂಬ ಅನುಮಾನ ಉಳಿಯಬಾರದೆಂದು, ಒಂದೇ ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸುವ ಕ್ರಮವನ್ನು ಇಟ್ಟುಕೊಂಡೆ. ಶಿರಾ ಕಡೆಯ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಂದಿಗೆ ಓಡೋಮೀಟರನ್ನೂ ತಾಳೆ ನೋಡಿದೆ. ಇಳಿಕೆ ನಿಜವೇ ಆಗಿತ್ತು.

ಕೇಳಿದವರೆಲ್ಲ ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಡೆಗೆ ಬೆರಳು ತೋರಿಸಿದರು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರನೇ ಎರಡರಷ್ಟು ಮಾತ್ರ ಎಂಬುದು ನಿಜ. ಆದರೆ ಶೇ 20ರ ಮಿಶ್ರಣದಿಂದ ಹಳೆಯ ಕಾರುಗಳಲ್ಲಿ ಶೇ 6–7ರಷ್ಟು ಮೈಲೇಜ್ ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದೆ. ನನ್ನ ನಷ್ಟ ಶೇ 30ರ ಹತ್ತಿರವಿರುವಾಗ ಉಳಿದದ್ದಕ್ಕೆ ಗಾಡಿಯಲ್ಲೇ ಕಾರಣ ಹುಡುಕಬೇಕಿತ್ತು.

ಟೈರಿನ ಗಾಳಿ, ಏರ್ ಫಿಲ್ಟರ್ ಸರಿಯಾಗಿದ್ದವು. ಜಾಕ್ ಕೊಟ್ಟು ನಾಲ್ಕೂ ಚಕ್ರ ತಿರುಗಿಸಿದಾಗ ಎಲ್ಲಿಯೂ ಬ್ರೇಕ್ ಹಿಡಿದಿರಲಿಲ್ಲ. ಪ್ಲಗ್‌ಗಳು ಮಾತ್ರ ಬೇರೆ ಕಥೆ ಹೇಳಿದವು. ತಿಳಿ ಕಂದು ಬಣ್ಣಕ್ಕಿರಬೇಕಾದ ಇನ್ಸುಲೇಟರ್ ತುದಿಗಳ ಮೇಲೆ, ಬೆರಳು ತಾಗಿಸಿದರೆ ಅಂಟುವ ಕಾಡಿಗೆಯಂಥ ಒಣ ಮಸಿ ಕೂತಿತ್ತು. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ಎಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಏಕೆ ಹೆಚ್ಚಾಗುತ್ತಿದೆ ಎಂಬುದರ ಸುಳಿವು ಡ್ಯಾಶ್‌ಬೋರ್ಡ್‌ನಲ್ಲೇ ಇತ್ತು. ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಏರುತ್ತಿದ್ದ ಟೆಂಪರೇಚರ್ ಮುಳ್ಳು, ಕ್ಯಾತ್ಸಂದ್ರ ದಾಟಿ ಡಾಬಸ್‌ಪೇಟೆ ಕಡೆಗೆ ವೇಗ ಹಿಡಿದ ಕೂಡಲೇ ತಳದ ಹತ್ತಿರಕ್ಕೆ ಬೀಳುತ್ತಿತ್ತು. ಮುಳ್ಳು ಕೆಳಗಿದ್ದರೆ ಎಂಜಿನ್ ಕ್ಷೇಮವಾಗಿದೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬುತ್ತಾರೆ. ಮೈಲೇಜಿನ ಮಟ್ಟಿಗೆ ಇದಕ್ಕಿಂತ ದುಬಾರಿಯಾದ ನಂಬಿಕೆ ಇನ್ನೊಂದಿಲ್ಲ. ಎಂಜಿನ್ ತಣಿಸುವ ದ್ರವವಾದ ಕೂಲಂಟ್ ತಣ್ಣಗಿದೆಯೆಂದು ಸೆನ್ಸರ್ ತಿಳಿಸಿದಷ್ಟು ಹೊತ್ತೂ, ಎಂಜಿನ್ ಈಗಷ್ಟೇ ಸ್ಟಾರ್ಟ್ ಆಗಿದೆಯೆಂದೇ ಭಾವಿಸುವ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಇಂಜೆಕ್ಟರುಗಳನ್ನು ಹೆಚ್ಚು ಹೊತ್ತು ತೆರೆದಿಟ್ಟು ಪೆಟ್ರೋಲ್ ಸುರಿಸುತ್ತದೆ. ಸರಿಯಾಗಿ ಆವಿಯಾಗದ ಆ ಪೆಟ್ರೋಲಿನ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ.

ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ. ತಣ್ಣಗಿದ್ದಾಗ ಎರಡೂವರೆ ಕಿಲೋ ಓಮ್ ಸುಮಾರಿಗಿದ್ದ ಅದರ ರೆಸಿಸ್ಟೆನ್ಸ್, ಸರಿಯಾದ ಸೆನ್ಸರಿನಲ್ಲಿ ಆಗಬೇಕಾದಂತೆಯೇ ಬಿಸಿನೀರಿನಲ್ಲಿ ಕ್ರಮವಾಗಿ ಇಳಿಯಿತು. ಆಮೇಲೆ ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿಸಿದೆ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್ ಕಡೆಗೆ ಹೋಗದಂತೆ ತಡೆಯುವ ವಾಲ್ವ್ ಇದು. ಒಳಗೆ ವಾಲ್ವೇ ಇರಲಿಲ್ಲ!

"ಬೇಸಿಗೇಲಿ ಹೀಟ್ ಆಗ್ಬಾರ್ದು ಅಂತ ಯಾರೋ ತೆಗೆದುಬಿಟ್ಟಿದಾರೆ ಸಾರ್, ಹಳೇ ಗಾಡೀಲಿ ಇದು ಮಾಮೂಲಿ" ಎಂದರು ಮೆಕ್ಯಾನಿಕ್.

ಹೊಸ ವಾಲ್ವಿನ ಮೇಲೆ 82 ಎಂದು, ಅಂದರೆ ಅದು ತೆರೆಯತೊಡಗುವ ಡಿಗ್ರಿ, ಅಚ್ಚಾಗಿತ್ತು. ಕೂರಿಸುವ ಮೊದಲು ಅದನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕಾಯಿಸಿದೆ. ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದ ತುಮಕೂರಿನಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುವುದಾದರೂ ಈ ಪರೀಕ್ಷೆಗೆ ಅಷ್ಟು ಬಿಸಿ ಸಾಕು. 82 ದಾಟುತ್ತಿದ್ದಂತೆ ವಾಲ್ವಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿತು, ಕುದಿಯುವ ಹೊತ್ತಿಗೆ ಪೂರ್ತಿ ತೆರೆಯಿತು. ಒಲೆಯಿಂದ ಇಳಿಸಿದ ಮೇಲೆ ನಿಧಾನವಾಗಿ ಮುಚ್ಚಿಕೊಂಡಿತು.

ಈಗ ಮುಳ್ಳು ಹೆದ್ದಾರಿಯಲ್ಲೂ ಮಧ್ಯಕ್ಕಿಂತ ತುಸು ಕೆಳಗೆ ಸ್ಥಿರವಾಗಿ ನಿಲ್ಲುತ್ತಿದೆ. ಆಯಿಲ್ ಮತ್ತು ಪ್ಲಗ್ ಬದಲಾಯಿಸಿದ ಬಳಿಕ ಲೀಟರಿಗೆ ಹದಿನಾಲ್ಕೂವರೆ ಸಿಗುತ್ತಿದ್ದು, ಎಥನಾಲ್ ಪಾಲನ್ನು ಕಳೆದರೆ ಹಳೆಯ ಲೆಕ್ಕಕ್ಕೆ ಬಹುತೇಕ ತಲುಪಿದಂತಾಗಿದೆ.

ಆದರೆ ಗಾಡಿ ಹಿಂದೊಮ್ಮೆ ಹೀಟ್ ಆಗಿದ್ದರಿಂದಲೇ ವಾಲ್ವ್ ತೆಗೆದಿರಬೇಕು. ಆ ಮೂಲ ದೋಷ ಉಳಿದಿರಬಹುದು. ಕೂಲಂಟ್ ಬದಲು ಬೋರ್‌ವೆಲ್‌ನ ಗಡಸು ನೀರು ತುಂಬಿಸುತ್ತಿದ್ದುದಕ್ಕೆ ರೇಡಿಯೇಟರ್ ಬಾಯಲ್ಲಿ ಕಟ್ಟಿರುವ ಬಿಳಿ ಉಪ್ಪೇ ಗುರುತು. ಮಾರ್ಚ್ ಬಿಸಿಲು ಏರುವ ಮುನ್ನ ರೇಡಿಯೇಟರ್ ಬಿಚ್ಚಿಸಿ ತೊಳೆಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ತುಂಬಿಸಿ, ಫ್ಯಾನ್ ಸರಿಯಾದ ಹೊತ್ತಿಗೆ ತಿರುಗುತ್ತದೆಯೇ ಎಂದು ನೋಡುವುದು ಮುಂದಿನ ಕೆಲಸ.