ಬಾಯಿಂದ ಹೊಗೆ ಬರದ ಚಳಿ

14 ಡಿಸೆಂಬರ್ 2025, ಭಾನುವಾರ ರಾತ್ರಿ

"ಇವನ ಬಾಯಿಂದ ಹೊಗೆ ಯಾಕೆ ಬರ್ತಿಲ್ಲ?"

ಅಮ್ಮ ಕೇಳಿದ್ದು ಇಷ್ಟೇ. ಟೀವಿಯಲ್ಲಿ ಜೇಮ್ಸ್ ಸ್ಟುವರ್ಟ್ ಸೇತುವೆಯ ಕಂಬಿ ಹಿಡಿದು ನಿಂತಿದ್ದ. ಸುತ್ತ ಹಿಮ ಸುರಿಯುತ್ತಿತ್ತು. ಇನ್ನೇನು ಅವನನ್ನು ಉಳಿಸಲು ದೇವದೂತ ಬರಬೇಕು. ನಾನು ಅದಕ್ಕೆ ಕಾಯುತ್ತಿದ್ದರೆ ಅಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಾಳೆ.

"ಅಷ್ಟು ಹಿಮ ಬೀಳ್ತಿದೆ, ಉಸಿರು ಕಾಣಬೇಕು ಅಲ್ವಾ? ಇವನು ನೋಡಿದ್ರೆ ಬೆವರ್ತಿದಾನೆ ಕಣೇ."

ಹೌದು, ಬೆವರುತ್ತಿದ್ದ. 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರೀಕರಣ ಮುಗಿದದ್ದು 1946ರ ಜುಲೈನಲ್ಲಿ, ಅಮೆರಿಕದ ಸುಡು ಬೇಸಿಗೆಯಲ್ಲಿ. ಆ ಹಿಮ ಅಂದರೆ ಬೆಂಕಿ ಆರಿಸುವ ನೊರೆ. ಅದಕ್ಕೆ ಸೋಪು, ನೀರು ಬೆರೆಸಿ ದೊಡ್ಡ ಫ್ಯಾನಿನಿಂದ ಊದಿದ್ದರು. ಅದಕ್ಕೂ ಮೊದಲು ಹಾಲಿವುಡ್‌ನಲ್ಲಿ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುವುದು ರೂಢಿ. ಕಾಲಿಟ್ಟರೆ ಕರುಂ ಕುರುಂ. ಹಾಗಾಗಿ ಮಾತನ್ನೆಲ್ಲ ಆಮೇಲೆ ಡಬ್ ಮಾಡಬೇಕಿತ್ತು. ನೊರೆಗೆ ಆ ತಾಪತ್ರಯ ಇಲ್ಲ, ಮಾತನ್ನು ಅಲ್ಲೇ ರೆಕಾರ್ಡ್ ಮಾಡಬಹುದು. ಅದನ್ನು ಮಾಡಿದವರಿಗೆ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿಯೂ ಸಿಕ್ಕಿತು.

ಇಷ್ಟನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಸದ್ದಿಗೆ ಅಷ್ಟೆಲ್ಲ ಒದ್ದಾಡಿದರು, ಉಸಿರು ಮರೆತೇಬಿಟ್ಟರು ನೋಡು" ಅಂದಳು. ದೇವದೂತ ನೀರಿಗೆ ಹಾರುವ ಹೊತ್ತಿಗೆ ಅವಳಿಗೆ ನಿದ್ದೆ.

ಮರೆತಿರಲಿಲ್ಲ ಅಮ್ಮಾ. ಅದನ್ನು ಹೇಳುವಷ್ಟರಲ್ಲಿ ನೀನು ಮಲಗಿಬಿಟ್ಟೆ, ಇಲ್ಲಿ ಬರೀತಿದ್ದೀನಿ. ಇದರ ನಿರ್ದೇಶಕ ಫ್ರಾಂಕ್ ಕಾಪ್ರಾನೇ 1937ರಲ್ಲಿ 'ಲಾಸ್ಟ್ ಹೊರೈಜನ್' ಮಾಡಿದ್ದ. ಹಿಮಗಾಳಿ ದಾಟಿದರೆ ಆಚೆ ಶಾಂಗ್ರಿ-ಲಾ, ಅಲ್ಲಿ ಯಾರಿಗೂ ಬೇಗ ವಯಸ್ಸಾಗಲ್ಲ. ಆ ಹಿಮದ ದೃಶ್ಯಗಳಿಗೆ ಅವನು ಇಡೀ ತಂಡವನ್ನು ಲಾಸ್ ಏಂಜಲೀಸಿನ ಒಂದು ಕೋಲ್ಡ್ ಸ್ಟೋರೇಜ್ ಒಳಗೆ ಕರೆದುಕೊಂಡು ಹೋದ. ನಟರ ಉಸಿರು ಕಾಣಬೇಕು ಅನ್ನೋದೇ ಅದಕ್ಕೆ ಕಾರಣ. ಚಳಿಗೆ ಯಂತ್ರಗಳು ಕೈಕೊಟ್ಟು ಕೆಲಸ ವಿಪರೀತ ತಡವಾಯಿತು. ಶಾಂಗ್ರಿ-ಲಾ ನನಗೆ ಸ್ವಲ್ಪ ಬೋರು, ತುಂಬಾ ಚೊಕ್ಕಟ. ಆದರೆ ಕೊನೆಗೆ ಆ ಹುಡುಗಿ ಹಿಮದ ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಮುದುಕಿಯಾಗುತ್ತಾಳಲ್ಲ, ಆಗ ನಾನು ಎದ್ದು ಕೂರುತ್ತೇನೆ.

ನಿನ್ನೆ ಡಾಕ್ಟರ್ ಕೇಳಿದಾಗ ಅಮ್ಮ "ಏನೂ ಇಲ್ಲ, ಆರಾಮಾಗಿದ್ದೀನಿ" ಅಂದಳು. ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತದ್ದನ್ನು ಹೇಳಲೇ ಇಲ್ಲ. ನಾನು ಹೇಳಿದೆ. ದುರುಗುಟ್ಟಿ ನೋಡಿದಳು.

'ದಿ ವಿಜರ್ಡ್ ಆಫ್ ಆಜ್' ನೆನಪಾಗುತ್ತಿದೆ. 1939ರ ಚಿತ್ರ. ಗಸಗಸೆ ಹೂವಿನ ಬಯಲಲ್ಲಿ ಡೊರೊಥಿ ಮಲಗಿರುತ್ತಾಳೆ, ಅವಳನ್ನು ಎಬ್ಬಿಸಲು ಒಳ್ಳೆಯ ಮಾಟಗಾತಿ ಹಿಮ ಸುರಿಸುತ್ತಾಳೆ. ಎಷ್ಟು ಚೆಂದದ ದೃಶ್ಯ! ಆ ಹಿಮ ಆಸ್ಬೆಸ್ಟಾಸ್ ಅಂತ ಹೇಳುತ್ತಾರೆ. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶವನ್ನೇ ತಿನ್ನುವ ನಾರು. ಡೊರೊಥಿ ಆಗಿದ್ದ ಜೂಡಿ ಗಾರ್ಲೆಂಡ್ ಮುಖದ ಮೇಲೆಲ್ಲ ಅದೇ ಬಿದ್ದಿತ್ತಂತೆ. ಇದನ್ನು ಓದಿದ ಮೇಲೆ ಆ ದೃಶ್ಯ ಬಂದಾಗ ಸುಮ್ನೆ ಮೂಗು ಮುಚ್ಚಿಕೊಳ್ಳುವಂತಾಗುತ್ತದೆ. ಇವತ್ತು ಅದನ್ನು ಹಾಕಲಿಲ್ಲ, ಅದಕ್ಕೇ.

ಪುಟ್ಟಿಗೆ ಹಿಮ ಅಂದರೆ 'ಫ್ರೋಜನ್', ಮುಗೀತು. ಹಿಮ ಒಮ್ಮೆ ಗಟ್ಟಿ, ಒಮ್ಮೆ ಪುಡಿ. ಅದನ್ನು ಕಂಪ್ಯೂಟರಿಗೆ ಕಲಿಸಲು ಡಿಸ್ನಿಯವರು ಗಣಿತದವರನ್ನು ಜೊತೆಗೆ ಸೇರಿಸಿಕೊಂಡು ಹಿಮಕ್ಕೆಂದೇ ಲೆಕ್ಕ ಕಟ್ಟಿದರು. ಒಪ್ಪುತ್ತೇನೆ, ಅದ್ಭುತ ಕೆಲಸ. ಆದರೆ ಅದರ ನಾಯಕಿ ಎಲ್ಸಾಗೆ ಚಳಿಯೇ ಆಗಲ್ಲ, ಹಾಗಾಗಿ ನನಗೂ ಆಗಲ್ಲ. 2005ರ 'ನಾರ್ನಿಯಾ'ದಲ್ಲಿ ಸ್ವಲ್ಪ ಆಗುತ್ತದೆ. ಲೂಸಿ ಪಾತ್ರದ ಮಗುವನ್ನು ಕಣ್ಣು ಕಟ್ಟಿ ಸೆಟ್ಟಿಗೆ ಕರೆತಂದಿದ್ದರಂತೆ. ಹಿಮದ ಕಾಡನ್ನು ಅವಳು ಮೊದಲ ಸಲ ನೋಡಿದ್ದೇ ಕ್ಯಾಮೆರಾ ಎದುರು. ಪುಟ್ಟಿಗೆ ಅದೆಲ್ಲ ಬೇಡ. ಕಲ್ಲಾದವರ ಮೇಲೆ ಸಿಂಹ ಉಸಿರು ಬಿಟ್ಟು ಬದುಕಿಸುತ್ತಲ್ಲ, ಅದನ್ನೇ ಮತ್ತೆ ಮತ್ತೆ ಹಾಕು ಅನ್ನುತ್ತಾಳೆ.

ಅಮ್ಮನಿಗೆ ನಿಜವಾಗಿ ಹಿಡಿಸಿದ್ದು 'ಮೊರೊಜ್ಕೊ'. 1960ರ ದಶಕದ ಸೋವಿಯತ್ ಚಿತ್ರ, ಹಿಮದ ದೃಶ್ಯಗಳನ್ನು ಕೋಲಾ ಪರ್ಯಾಯ ದ್ವೀಪದ ನಿಜವಾದ ಚಳಿಗಾಲದಲ್ಲೇ ತೆಗೆದದ್ದು. ಮಲತಾಯಿಯ ಮಾತಿಗೆ ಸೋತು ಅಪ್ಪ ಮಗಳನ್ನು ಕಾಡಿಗೆ ಕರೆದುಕೊಂಡು ಹೋಗುತ್ತಾನೆ, ಅವಳು ಅಲ್ಲಿ ಒಂಟಿಯಾಗುತ್ತಾಳೆ. ಚಳಿಯ ಅಜ್ಜ ಬಂದು ಕೇಳುತ್ತಾನೆ, ಬೆಚ್ಚಗಿದ್ದೀಯಾ ಮಗೂ? ಅವಳು ಗಡಗಡ ನಡುಗುತ್ತಾ, ಬೆಚ್ಚಗಿದ್ದೀನಿ ಅನ್ನುತ್ತಾಳೆ. ಅಜ್ಜ ಇನ್ನಷ್ಟು ಚಳಿ ಬಿಡುತ್ತಾನೆ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಆ ಒಳ್ಳೆಯತನಕ್ಕೆ ಕೊನೆಗೆ ಅವಳಿಗೆ ಉಡುಗೊರೆ.

"ಹುಚ್ಚಿ. ಚಳಿ ಆಗ್ತಿದೆ ಅಂತ ಬಾಯಿಬಿಟ್ಟು ಹೇಳೋಕೇನು?" ಅಂದಿದ್ದಳು ಅಮ್ಮ. ನಿನ್ನೆ ಡಾಕ್ಟರ ಮುಂದೆ ನನಗೆ ಅದೇ ಮಾತು ಬಾಯಿಗೆ ಬಂದಿತ್ತು.

ಮುಂದಿನ ವಾರಕ್ಕೆ 'ಕ್ವೈದಾನ್' ಅಂದುಕೊಂಡಿದ್ದೆ. ಮಸಾಕಿ ಕೊಬಯಾಶಿಯ 1964ರ ಜಪಾನೀ ಚಿತ್ರ, ಅದರಲ್ಲಿ ಹಿಮದ ಹೆಂಗಸಿನ ಕಥೆ. ನಿಜದ ಹಿಮ ತೋರಿಸಬೇಕು ಅನ್ನೋ ಹಟವೇ ಅವನಿಗಿಲ್ಲ. ಆಕಾಶಕ್ಕೆ ಬಣ್ಣ ಬಳಿದು ಅಲ್ಲಿ ದೊಡ್ಡ ದೊಡ್ಡ ಕಣ್ಣು ಬರೆಸಿದ್ದಾನೆ. ಹಿಮಗಾಳಿಯಲ್ಲಿ ಇಬ್ಬರು ಸೌದೆಯವರು ಸಿಕ್ಕಿಹಾಕಿಕೊಂಡಿದ್ದಾರೆ, ಮೇಲಿಂದ ಕಣ್ಣು ನೋಡುತ್ತಿದೆ. ಎಲ್ಲ ಸುಳ್ಳು ಅಂತ ಗೊತ್ತಿದ್ದೂ ಬೆನ್ನು ತಣ್ಣಗಾಗುತ್ತದೆ. ಇಷ್ಟು ಚಳಿ ನನಗೆ ಬೇರೆ ಯಾವ ಚಿತ್ರದಲ್ಲೂ ಆಗಿಲ್ಲ. ಇದನ್ನು ನೋಡಿದರೆ ಅಮ್ಮನ ಹೊಗೆಯ ಲೆಕ್ಕವೂ ತಲೆಕೆಳಗಾಗುತ್ತದೆ. ಇಲ್ಲಿ ಉಸಿರು ಕಾಣಬೇಕಾದದ್ದು ಆ ಹೆಂಗಸಿನದು. ಗುಡಿಸಲಿನಲ್ಲಿ ಮಲಗಿದ ಮುದುಕನ ಮೇಲೆ ಬಾಗಿ ಅವಳು ತಣ್ಣನೆ ಉಸಿರು ಊದುತ್ತಾಳೆ, ಅವನು ಮಲಗಿದಲ್ಲೇ

ಇಲ್ಲ, ಅದನ್ನು ತೋರಿಸಬೇಕೋ ಬೇಡವೋ. ಅಮ್ಮ ದೆವ್ವಕ್ಕೆ ಹೆದರುವವಳಲ್ಲ. ಆ ಜಾಗ ಬಂದಾಗ ಮುಂದೆ ಓಡಿಸಿದರೆ, ಯಾಕೆ ಓಡಿಸಿದೆ ಅಂತ ಕೇಳದೆ ಬಿಡುವವಳೂ ಅಲ್ಲ. ಆಗ ನಾನು ಏನು