ಎಚ್ ಒತ್ತಿದ್ದೇ ತಪ್ಪಾಯಿತು

ಮುಂಬೈನ ಮಾಟುಂಗಾದಲ್ಲಿ ಒಂದು ಸಣ್ಣ ಟ್ಯಾಕ್ಸ್ ಆಫೀಸಿನಲ್ಲಿ ನನ್ನ ಕೆಲಸ. ರಿಟರ್ನ್ ತುಂಬುವುದು, ಕಂಪ್ಯೂಟರ್ ಹಟ ಮಾಡಿದರೆ ಅದನ್ನೂ ನೋಡುವುದು. ಗಿರಾಕಿಗಳಲ್ಲಿ ಜಾಸ್ತಿ ಊರ ಕಡೆಯ ಹೋಟೆಲ್‌ನವರೇ. ಎಲ್ಲರೂ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಸ್ಕ್ರೀನ್ ನೋಡುತ್ತಲೇ ಮಾತಾಡುತ್ತಾರೆ.

ಜುಲೈ ಕೊನೆಯ ವಾರ. ಬೆಳಿಗ್ಗೆ ಒಬ್ಬರು ಬಂದು, ಹೋಟೆಲ್ ಮಾರಿದರೆ ಟ್ಯಾಕ್ಸ್ ಎಷ್ಟು ಬೀಳುತ್ತದೆ ಎಂದು ಮೆಲ್ಲಗೆ ಕೇಳಿದರು. ಅವರ ರಸ್ತೆಯಲ್ಲಿ ರೇಟ್ ಎಷ್ಟಿದೆ ಎಂದು ನಾನೇ ಹುಡುಕಿದೆ. ಮಧ್ಯಾಹ್ನ ಇನ್ನೊಬ್ಬ ಹೋಟೆಲ್‌ನವರು ಬಂದರು. ಬ್ಯಾಂಕಿನ ಸೈಟ್ ತೆರೆಯಲು ‘ಎಚ್’ ಒತ್ತಿದೆ. ಕೆಳಗೆ ಉದ್ದಕ್ಕೆ ಮೂಡಿತು: ‘ಹೋಟೆಲ್ ಫಾರ್ ಸೇಲ್’, ಮುಂದೆ ಆ ರಸ್ತೆಯ ಹೆಸರು. ಆ ರಸ್ತೆಯಲ್ಲಿ ಉಡುಪಿ ಹೋಟೆಲ್ ಇರುವುದು ಒಂದೇ. ಅವರು ಏನೂ ಕೇಳಲಿಲ್ಲ. ಕನ್ನಡಕ ಮಾತ್ರ ಸರಿಮಾಡಿಕೊಂಡರು.

ರಾತ್ರಿ ಎಂಟಕ್ಕೆ ಬೆಳಿಗ್ಗೆ ಬಂದವರ ಫೋನ್. “ಎಂಥ ಮಾರಾಯ್ರೇ ಇದು? ಅಡುಗೆ ಭಟ್ರು ಬಂದು ಲೆಕ್ಕ ಚುಕ್ತಾ ಮಾಡಿ ಅಂತಿದ್ದಾರೆ. ನಾನು ಹೆಂಡತಿಗೇ ಹೇಳಿಲ್ಲ!”

ಮಾರನೇ ದಿನ ಸಾರ್ ಬೈದು, “ಇನ್ನು ಮೇಲೆ ಇನ್‌ಕಾಗ್ನಿಟೋದಲ್ಲಿ ತೆರೆ” ಎಂದರು. ಅಂದರೆ ಹಿಸ್ಟರಿ ಉಳಿಸಿಕೊಳ್ಳದ ಬೇರೆ ಕಿಟಕಿ. ಅಷ್ಟು ಸಾಕು ಅಂತ ನನಗೂ ಅನಿಸಿತ್ತು. ತೆರೆದು ನೋಡಿದರೆ ಮಾಮೂಲಿ ಕಿಟಕಿಯ ಹಳೇ ಹಿಸ್ಟರಿ ಅಲ್ಲೂ ಇಣುಕುತ್ತಿತ್ತು! ಇನ್‌ಕಾಗ್ನಿಟೋ ಮುಚ್ಚುವಾಗ ತನ್ನ ಪಾತ್ರೆಯನ್ನಷ್ಟೇ ತೊಳೆಯುತ್ತದೆ. ಸೈಟಿನವರಿಗೆ, ಇಂಟರ್ನೆಟ್ ಕೊಡುವವರಿಗೆ ಕಾಣುವುದು ಕಾಣುತ್ತಲೇ ಇರುತ್ತದೆ. ಇದೇ ವಿಷಯಕ್ಕೆ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸ್ ಬಿತ್ತು. 2024ರಲ್ಲಿ ರಾಜಿಯಾಗಿ, ಕೂಡಿಟ್ಟ ದಾಖಲೆ ಅಳಿಸಲು ಕಂಪನಿ ಒಪ್ಪಿತು.

ಬ್ರೌಸರ್ ಅಂದರೆ ಸ್ಪೀಡ್ ಅಂತಷ್ಟೇ ತಿಳಿದಿದ್ದ ನಾನು ಆಮೇಲೆ ಎರಡು ಭಾನುವಾರ ಅದಕ್ಕೇ ಕೂತೆ. ಪಕ್ಕದ ಕುರ್ಚಿಯವರಿಗೆ ಏನು ಕಾಣುತ್ತದೆ, ದೂರದ ಕಂಪನಿಗೆ ಏನು ಹೋಗುತ್ತದೆ ಎಂದು ಬೇರೆ ಬೇರೆಯಾಗಿ ನೋಡಿದೆ. ಸಲಹೆ ತೋರಿಸುವುದು ಆನ್ ಇದ್ದರೆ, ಎಂಟರ್ ಒತ್ತುವ ಮೊದಲೇ ಒಂದೊಂದು ಅಕ್ಷರವೂ ಸರ್ಚ್ ಕಂಪನಿಗೆ ಹೋಗುತ್ತದಂತೆ. ಅದು ನನಗೆ ಗೊತ್ತೇ ಇರಲಿಲ್ಲ. ಗಿರಾಕಿಯ ಹೆಸರು ತಪ್ಪಿ ಅಲ್ಲಿ ಟೈಪ್ ಆದದ್ದು ಎಷ್ಟು ಸಲವೋ.

ಕೊನೆಗೆ ಫೈರ್‌ಫಾಕ್ಸ್ ಬ್ರೌಸರ್ ಹಾಕಿದೆ. ಅದರಲ್ಲಿ 2022ರಿಂದ ಒಂದೊಂದು ಸೈಟಿನ ಕುಕೀಗೂ, ಅಂದರೆ ನಮ್ಮ ಗುರುತಿಗೆ ಸೈಟ್ ಬ್ರೌಸರಿನಲ್ಲಿ ಅಂಟಿಸುವ ಚೀಟಿಗೂ, ಬೇರೆ ಡಬ್ಬಿ. ಒಂದು ಸೈಟಿನಲ್ಲಿ ಅಂಟಿಸಿದ ಚೀಟಿ ಇನ್ನೊಂದರಲ್ಲಿ ಸಿಗುವುದಿಲ್ಲ. ನಾವು ತೆರೆದ ಸೈಟಿನದಲ್ಲದ, ಬೇರೆಯವರ ಕುಕೀಯನ್ನು ಕ್ರೋಮ್ ಬ್ರೌಸರಿನಲ್ಲಿ ನಿಲ್ಲಿಸುತ್ತೇವೆ ಎಂದು 2020ರಲ್ಲಿ ಹೇಳಿದ ಗೂಗಲ್, 2024ರ ಜುಲೈನಲ್ಲಿ ಮಾತು ಬದಲಿಸಿತು. ಜಾಹೀರಾತೇ ಅವರ ಅನ್ನ, ಅಲ್ವಾ? ಹಾಗಂತ ಫೈರ್‌ಫಾಕ್ಸ್ ಸನ್ಯಾಸಿಯೇನಲ್ಲ. ಅದನ್ನು ಮಾಡುವ ಮೊಜಿಲ್ಲಾಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು, ಗೂಗಲ್ ಸರ್ಚನ್ನು ಮೊದಲೇ ಇಟ್ಟುಕೊಡುವುದಕ್ಕೆ ಸಿಗುವಂಥದ್ದು. ಅದಕ್ಕೇ ಸರ್ಚನ್ನು ಡಕ್‌ಡಕ್‌ಗೋ ಎಂಬ ಇನ್ನೊಂದು ಸರ್ಚ್‌ಗೆ ಬದಲಿಸಿದೆ, ಸಲಹೆಗಳನ್ನೂ ನಿಲ್ಲಿಸಿದೆ. ಬ್ರೇವ್ ಎಂಬ ಬ್ರೌಸರ್ ಕೂಡ ನಮ್ಮನ್ನು ಹಿಂಬಾಲಿಸುವ ಟ್ರ್ಯಾಕರ್‌ಗಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಟ್ಯಾಕ್ಸ್ ಆಫೀಸಿನ ಬ್ರೌಸರಿನಲ್ಲಿ ಅದರ ಜೊತೆ ಬರುವ ಕ್ರಿಪ್ಟೋ ವಾಲೆಟ್ ಯಾಕೆ ಬೇಕು ಅನಿಸಿತು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಟಿಕ್: ಬ್ರೌಸರ್ ಮುಚ್ಚಿದಾಗ ಹಿಸ್ಟರಿ, ಕುಕೀ ಎಲ್ಲ ಅಳಿಸು. ಪಾಸ್‌ವರ್ಡ್ ಉಳಿಸುವುದೂ ಬಂದ್. ಒಬ್ಬ ಗಿರಾಕಿ ಎದ್ದರೆ ಬ್ರೌಸರ್ ಮುಚ್ಚಿ, ಮತ್ತೆ ತೆರೆಯುತ್ತೇನೆ. ಪ್ರತಿ ಸಲ ಲಾಗಿನ್, ಪ್ರತಿ ಸಲ ಒಟಿಪಿ. ಜೊತೆಯವರು ಗೊಣಗುತ್ತಾರೆ. ಒಂದು ಸೈಟ್ ಮಾತ್ರ ಏನು ಮಾಡಿದರೂ ತೆರೆಯದು. ಅದಕ್ಕೆಂದೇ ಹಳೇ ಬ್ರೌಸರ್ ಮೂಲೆಯಲ್ಲಿದೆ.

ಹೋಟೆಲ್ ಮಾರಲು ಹೊರಟವರು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಈಗ ಬರುತ್ತಾರೆ. ಕೂರುವ ಮೊದಲು ಕೀಬೋರ್ಡ್ ಎಳೆದು ತಾವೇ ‘ಎಚ್’ ಒತ್ತುತ್ತಾರೆ.