ನಾಲ್ಕು ನೂರು ರೂಪಾಯಿಯ ಹಿಡಿ

ಹೋದ ತಿಂಗಳು ಒಂದು ರವಿವಾರ ಜುನಾ ಬಜಾರಿನಲ್ಲಿ ಮೋಸ ಹೋದೆ. ಮಂಗಳವಾರ ಪೇಠದ ಈ ಸಂತೆ ಪುಣೆಯವರಿಗೆಲ್ಲ ಗೊತ್ತು, ಬುಧವಾರ ಮತ್ತು ರವಿವಾರ ಕೂಡುತ್ತದೆ. ಹಳೆ ನಲ್ಲಿ, ಕೆಟ್ಟ ಮಿಕ್ಸರ್, ತುಕ್ಕು ಹಿಡಿದ ಪಾನಾ, ಇವುಗಳ ನಡುವೆ ಗೋಣಿತಟ್ಟಿನ ಮೇಲೆ ಎರಡು ಕಟ್ಟಿಗೆ ತುಂಡು ಬಿದ್ದಿದ್ದವು. ಆ ಬಾಗು ನೋಡಿದ್ದೇ ತಡ, ನನ್ನ ಕಾಲು ಮುಂದೆ ಹೋಗಲಿಲ್ಲ. ರಿವಾಲ್ವರಿನ ಹಿಡಿ! ಮಾರುವ ಹುಡುಗ ಹುರುಪಾದ. ಕೌಬಾಯ್ ಕಾಲದ್ದು ಕಾಕಾ, ಅಸಲಿ, 1873ರ ಕೋಲ್ಟ್ ಅಂದ. ಆರು ನೂರು ಹೇಳಿ ನಾಲ್ಕು ನೂರಕ್ಕೆ ಕೊಟ್ಟ.

ಅಲ್ಲೇ ನನಗೆ ಸಂಶಯ ಇತ್ತು. 1873ರಲ್ಲಿ ಅಮೆರಿಕದ ಸೈನ್ಯ ತಗೊಂಡ ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ರಿವಾಲ್ವರಿಗೆ, ಅಂದರೆ ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ್ದಕ್ಕೆ, ವಾಲ್‌ನಟ್ ಮರದ ಒಂದೇ ತುಂಡಿನ ಹಿಡಿ. ಹಿಂದಿನ ಪಟ್ಟಿಯನ್ನು ಬಿಚ್ಚಿದರೆ ಮಾತ್ರ ಕೈಗೆ ಬರುತ್ತದೆ, ಕಟ್ಟಿಗೆಯಲ್ಲಿ ಸ್ಕ್ರೂ ಇಲ್ಲ. ಸ್ಕ್ರೂ ಹಾಕಿದ ಎರಡು ಹೋಳಿನ ಹಿಡಿ ಬಂದದ್ದು ಆಮೇಲೆ, ಅದೂ ಗಟ್ಟಿ ರಬ್ಬರಿನದ್ದು. ನಾನು ಕೊಂಡ ಕಟ್ಟಿಗೆಯಲ್ಲಿ ನಡುವೆ ತೂತು, ಒಳಗೆ ಹಿತ್ತಾಳೆ ಬುಷ್. ಮನೆಗೆ ಬಂದು ಡಬ್ಬಿಯಲ್ಲಿದ್ದ ಎಂ4, ಅಂದರೆ ನಾಲ್ಕು ಮಿಲಿಮೀಟರಿನ ಸ್ಕ್ರೂ ತಿರುಗಿಸಿದೆ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಅಮೆರಿಕದ ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ, ಎಲ್ಲ ಇಂಚಿನಲ್ಲಿ ಅಳೆಯುವ ಕಡೆ, ಆಗ ಮಿಲಿಮೀಟರ್ ಥ್ರೆಡ್ಡಾ? ಮೂವತ್ತೊಂದು ವರ್ಷ ಪಿಂಪ್ರಿಯಲ್ಲಿ ಟೂಲ್ ರೂಮ್ ಫಿಟ್ಟರ್ ಆಗಿದ್ದವನಿಗೆ ನಾಚಿಕೆ ಆಗಬೇಕು.

ನನ್ನ ಹತ್ತಿರ ಅಸಲಿ ರಿವಾಲ್ವರ್ ಒಂದೂ ಇಲ್ಲ. 1959ರ ಆಯುಧ ಕಾಯ್ದೆ ಇರುವ ದೇಶ ನಮ್ಮದು. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇದ್ದವರಿಗೂ ಎರಡೇ ಬಂದೂಕು. ಪಿಂಚಣಿ ನೋಡಿದರೆ ಅದೂ ಸುಳ್ಳು ಆಸೆ. ಹಾಗಾಗಿ ನಾನು ಕೂಡಿಹಾಕುವುದು ಅಳತೆ, ನಕ್ಷೆ, ಫೋಟೋ. ಜೊತೆಗೆ ಬಡಗಿ ಅಂಗಡಿಯ ಸಾಗವಾನಿ ಚೂರಿನಿಂದ ಮಾಡಿದ ಮಾದರಿಗಳು. ಈಗ ಐದಿವೆ. ಮೊದಲನೆಯದಕ್ಕೆ ಕಪ್ಪು ಬಣ್ಣ ಬಳಿದಿದ್ದೆ. ಮೊಮ್ಮಗ ಅದನ್ನು ಹಿಡಿದು ಬಾಲ್ಕನಿಯಿಂದ ಗುರಿ ಇಟ್ಟ, ಕೆಳಗೆ ವಾಚ್‌ಮನ್ ಗಾಬರಿಯಾದ. ಅವತ್ತೇ ಬಣ್ಣ ಕೆರೆದೆ. ಈಗ ಎಲ್ಲವೂ ಕಟ್ಟಿಗೆ ಬಣ್ಣದಲ್ಲೇ ಇವೆ.

ನಳಿಗೆ, ಗುಂಡು ಕೂರುವ ತಿರುಗು ಸಿಲಿಂಡರ್ ಎರಡನ್ನೂ ನಾನು ಆರಪಾರ ಕೊರೆಯುವುದಿಲ್ಲ. ಕಾಲಿಂಚು ಕುಳಿ, ಅಷ್ಟೇ. ಮಜಾ ಏನೆಂದರೆ, ಒಂದು ಕಾಲಕ್ಕೆ ಕೋಲ್ಟ್ ಕಂಪನಿಯೂ ಕೊರೆಯುವ ಹಾಗಿರಲಿಲ್ಲ. ಹಿಂದಿನಿಂದ ತೋಟಾ ತುಂಬಲು ಸಿಲಿಂಡರನ್ನು ಪೂರ್ತಿ ಕೊರೆಯುವ ಪೇಟೆಂಟ್ 1855ರಲ್ಲೇ ರೋಲಿನ್ ವೈಟ್ ಎಂಬುವನ ಹೆಸರಿನಲ್ಲಿತ್ತು. ಹಕ್ಕು ಸ್ಮಿತ್ ಅಂಡ್ ವೆಸನ್ ಕೈಯಲ್ಲಿ. ಅದು 1869ರಲ್ಲಿ ಮುಗಿಯುವವರೆಗೆ ಕೋಲ್ಟ್‌ನವರು ಮುಂದಿನಿಂದ ಮದ್ದು, ಗುಂಡು ತುಂಬುವ ಹಳೆ ಪದ್ಧತಿಯಲ್ಲೇ ಉಳಿದರು. ಸ್ಯಾಮ್ಯುಯಲ್ ಕೋಲ್ಟ್ 1862ರಲ್ಲೇ ತೀರಿಹೋಗಿದ್ದ. ಅವನ ಹೆಸರನ್ನು ಎಲ್ಲರ ಬಾಯಿಗೆ ಹಾಕಿದ 1873ರ ಪಿಸ್ತೂಲನ್ನು ಅವನು ನೋಡಲೇ ಇಲ್ಲ.

ನನಗೆ ಕೌಬಾಯ್‌ಗಳ ಹುಚ್ಚು ಇಲ್ಲ. ನನ್ನ ಹುಚ್ಚು ಆ ಕಾರ್ಖಾನೆಯದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಂತ್ರ ಮಾಡುವ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಹೆಸರು ಕೇಳಿದ್ದೆ. ಅದನ್ನು ಕಟ್ಟಿದ ಆ ಇಬ್ಬರೂ ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ ದುಡಿದವರು ಎಂದು ಗೊತ್ತಾದದ್ದು ನಿವೃತ್ತಿ ಆದ ಮೇಲೆ. ಬಿಡಿಭಾಗವನ್ನು ಯಂತ್ರದಲ್ಲಿ ತಯಾರಿಸು, ಅಳತೆ ಸರಿ ಇದೆಯೋ ಗೇಜ್ ಹಾಕಿ ನೋಡು. ನಾವು ದಿನಾ ಮಾಡುತ್ತಿದ್ದದ್ದೂ ಇದೇ ಅಲ್ವಾ?

ಸಂಗ್ರಹಕಾರರು ಮೊದಲು ನೋಡುವುದು ನಂಬರ್. ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ಹಿಂದಿನ ಪಟ್ಟಿ, ಮೂರರಲ್ಲೂ ಒಂದೇ ನಂಬರ್ ಇದ್ದರೆ ಬೆಲೆ. ಆದರೆ ಆರ್ಟಿಲರಿ ಮಾದರಿಯಲ್ಲಿ ಕಥೆ ಉಲ್ಟಾ. ಸೈನ್ಯ 1895ರ ಹೊತ್ತಿಗೆ ಅಶ್ವದಳದ ಹಳೆ ಕೋಲ್ಟ್‌ಗಳನ್ನು ವಾಪಸ್ ತರಿಸಿ, ಏಳೂವರೆ ಇಂಚಿನ ನಳಿಗೆಯನ್ನು ಐದೂವರೆಗೆ ಇಳಿಸಿತು. ಬಿಚ್ಚಿದ ರಾಶಿಯಿಂದ ಕೈಗೆ ಸಿಕ್ಕಿದ ಭಾಗ ಕೂಡಿಸಿ ಹೊರಗೆ ಕಳಿಸಿದರು. ಅದಕ್ಕೇ ಅವುಗಳಲ್ಲಿ ನಂಬರ್ ಹೊಂದುವುದಿಲ್ಲ. ಎಲ್ಲ ಹೊಂದಿದರೇ ಜಾಣರು ಎರಡು ಸಲ ನೋಡುತ್ತಾರೆ. ನನಗಂತೂ ಕಲಬೆರಕೆ ಪಿಸ್ತೂಲೇ ಹೆಚ್ಚು ಇಷ್ಟ. ಯಾರ ಭಾಗ ಯಾರಿಗಾದರೂ ಕೂಡುತ್ತದೆ ಅಂದರೆ ಗೇಜ್ ಹಿಡಿದವನು ಸರಿಯಾಗಿ ಕೆಲಸ ಮಾಡಿದ್ದಾನೆ ಅಂತಲೇ ಅರ್ಥ.

ಇನ್ನೊಂದು ವಿಷಯ. ಈ ಕೋಲ್ಟ್‌ಗೆ ಸಿಕ್ಸ್ ಶೂಟರ್, ಅಂದರೆ ಆರು ಗುಂಡಿನದ್ದು, ಅಂದರೂ ತಿಳಿದವರು ಐದೇ ತುಂಬುತ್ತಿದ್ದರು. ಹ್ಯಾಮರಿನ ಮೊನೆ ನೇರ ತೋಟಾದ ಮೇಲೇ ಕೂರುತ್ತದೆ. ಪಿಸ್ತೂಲು ಕೈ ಜಾರಿ ಬಿದ್ದರೆ ಗುಂಡು ಹಾರಬಹುದು. ಹಾಗಾಗಿ ಹ್ಯಾಮರಿನ ಕೆಳಗಿನ ಮನೆ ಖಾಲಿ.

ಇದನ್ನೆಲ್ಲ ಹೆಂಡತಿಗೆ ಹೇಳುತ್ತಾ ಕೂತಿದ್ದೆ. ಅವಳ ಕಣ್ಣು ನಾಲ್ಕು ನೂರರ ಹಿಡಿಯ ಮೇಲಿತ್ತು.

"ಅಲ್ರೀ, ಈ ಕಟ್ಟಿಗಿ ಖೊಟ್ಟಿ ಏನ್ರೀ?"

"ಕಟ್ಟಿಗಿ ಖರೇನ ಐತಿ. ಹೇಳಿದ ಕಥಿ ಖೊಟ್ಟಿ."

"ಹಂಗಾರ ನಮ್ಮ ಚಾಕೂಗೆ ಹಾಕ್ರಿ. ಹಿಡಿ ಮುರದು ತಿಂಗಳಾತು."

ಮರುದಿನ ಅರ ಹಿಡಿದು ಕೂತೆ. ಬಾಗು ತೆಗೆದು, ಚಾಕುವಿನ ಪಟ್ಟಿಯಲ್ಲಿ ಒಂದು ತೂತು ಹಾಕಿ, ಅದೇ ಎಂ4 ಸ್ಕ್ರೂ ಬಿಗಿದೆ. ಇವತ್ತು ಬದನೆಕಾಯಿ ಹೆಚ್ಚಿದ್ದು ಅದರಲ್ಲೇ.